ಗೋಪಾಲಗೌಡರು ಮಂತ್ರಿಯೇ ಆಗಲಿಲ್ಲವೇ?

ಪ್ರಶ್ನೆ: ಶಿವಮೊಗ್ಗದ ತಾಯಿ

ನಮ್ಮ ಮನೆ ಇರುವುದು ಗೋಪಾಲಗೌಡ ಬಡಾವಣೆಯಲ್ಲಿ. ಏಳನೆಯ ತರಗತಿಯ ಮಗಳಿಗೆ ಜಿಲ್ಲೆಯ ಒಬ್ಬ ಶಾಸಕರ ಬಗ್ಗೆ ಎರಡು ಪುಟ ಬರೆದು ತರಲು ಹೇಳಿದ್ದಾರೆ. ಮುಖ್ಯಮಂತ್ರಿಗಳಾದ ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಇವರನ್ನೆಲ್ಲ ಬಿಟ್ಟು ಅವಳು ಬಡಾವಣೆಯ ಹೆಸರನ್ನೇ ಹಿಡಿದು ಕೂತಿದ್ದಾಳೆ. ಶಾಂತವೇರಿ ಗೋಪಾಲಗೌಡರು ಮೂರು ಸಲ ಗೆದ್ದರು, ಮಂತ್ರಿಯಾಗಲಿಲ್ಲ ಎಂಬಷ್ಟು ತಿಳಿಯಿತು. “ಹಾಗಾದರೆ ಅವರು ಏನು ಮಾಡಿದರು ಅಮ್ಮಾ?” ಎನ್ನುತ್ತಾಳೆ. ಹಿರಿಯರು ತಿಳಿಸಿಕೊಡಿ.

ಸಾಗರದ ನಿವೃತ್ತ ಶಿಕ್ಷಕ

ತಂಗೀ, ಮಗುವಿಗೆ ಮೊದಲು ಕೊಳಗದ ವಿಷಯ ಹೇಳಿ. ನಮ್ಮ ಅಟ್ಟದಲ್ಲಿ ಭತ್ತ ಅಳೆಯುವ ಒಂದು ಕೊಳಗ ಇದೆ. ಬಾಯಿಗೆ ಕಬ್ಬಿಣದ ಪಟ್ಟಿ, ಒಳಮೈ ಭತ್ತ ಉಜ್ಜಿ ಉಜ್ಜಿ ನುಣುಪಾಗಿದೆ. ಅಜ್ಜ ಗೇಣಿದಾರ, ಅಂದರೆ ಒಡೆಯರ ಜಮೀನು ಉತ್ತು ಅದಕ್ಕೆ ಗೇಣಿಯಾಗಿ ಭತ್ತ ಅಳೆಯುತ್ತಿದ್ದವರು. ಮನೆಯಲ್ಲಿ ಇದರಿಂದ ಅಳೆದು ಗಾಡಿಗೆ ಹೇರಿದ ಭತ್ತ ಒಡೆಯರ ಅಂಗಳದಲ್ಲಿ ಪ್ರತಿ ವರ್ಷವೂ ಕಡಿಮೆ ಬೀಳುತ್ತಿತ್ತು. ದಾರಿಯಲ್ಲಿ ಭತ್ತ ಸೋರಿದ್ದಲ್ಲ. ಅಲ್ಲಿ ಗೇಣಿ ಅಳೆಯುತ್ತಿದ್ದ ಕೊಳಗವೇ ದೊಡ್ಡದು.

ನಮ್ಮ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ 1951ರ ಸತ್ಯಾಗ್ರಹ ಹುಟ್ಟಿದ್ದು ಇದೇ ಅಳತೆಯ ಅನ್ಯಾಯದಿಂದ. ಗೇಣಿದಾರರು ನೇಗಿಲು ಹಿಡಿದು ಗದ್ದೆಗಿಳಿದು ಜೈಲಿಗೆ ಹೋದರು. ಆರಗದಲ್ಲಿ ಹುಟ್ಟಿದ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಅವರ ಬೆನ್ನಿಗೆ ನಿಲ್ಲಿಸಿದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೌಡರು ‘ಒಂದು ವೋಟು, ಒಂದು ನೋಟು’ ಎಂದು ಜನರನ್ನೇ ಕೇಳಿ ಸಾಗರ–ಹೊಸನಗರದಿಂದ ಗೆದ್ದರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು.

ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲೇ. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಎಂದು ಸದನದಲ್ಲಿ ಪಟ್ಟು ಹಿಡಿದು ಕೇಳಿದರು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಬರೀ 49 ವರ್ಷ. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಗೇಣಿ ಪದ್ಧತಿ ಕೊನೆಯಾದದ್ದು 1974ರ ಮಾರ್ಚ್ 1ರಿಂದ. ಎರಡನ್ನೂ ಅವರು ನೋಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ನನ್ನ ತಂದೆ ತಾಲ್ಲೂಕು ಕಚೇರಿಯ ಮುಂದೆ ಸರದಿಯಲ್ಲಿ ನಿಂತು ಏಳನೇ ನಮೂನೆ, ಅಂದರೆ ಉಳುತ್ತಿದ್ದ ಗೇಣಿ ಜಮೀನು ತಮ್ಮ ಹೆಸರಿಗೆ ಬೇಕೆಂಬ ಅರ್ಜಿ, ಹಾಕಿದರು. ಪಹಣಿಯ ಹನ್ನೆರಡನೆಯ ಕಾಲಂನಲ್ಲಿ ಸಾಗುವಳಿದಾರರೆಂದು ಇದ್ದ ನಮ್ಮ ಹೆಸರು ಒಂಬತ್ತನೆಯ ಕಾಲಂಗೆ, ಮಾಲೀಕರ ಜಾಗಕ್ಕೆ ಬಂತು. ಆ ದಿನ ಅಮ್ಮ ದೇವರ ಮುಂದೆ ದೀಪ ಹಚ್ಚಿ ಪಹಣಿಯನ್ನು ಅಲ್ಲಿಟ್ಟಿದ್ದರು.

ತೀರ್ಥಹಳ್ಳಿಯ ಕೃಷಿಕ ಮಹಿಳೆ

ಮೇಷ್ಟ್ರು ಹೇಳಿದ್ದೆಲ್ಲ ನಿಜ. ಆದರೆ ಎಲ್ಲ ಹೆಗ್ಗಳಿಕೆಯನ್ನೂ ಒಬ್ಬರಿಗೇ ಕೊಡಬೇಡಿ. ಗೇಣಿದಾರರನ್ನು ಮೊದಲು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪ. ಕಷ್ಟ ಉಂಡವರು ಕಾಗೋಡಿನ ದೀವರ ಸಮುದಾಯದ ಗೇಣಿದಾರ ಮನೆಗಳವರು. ಕಾನೂನು ತಂದದ್ದು ದೇವರಾಜ ಅರಸು ಅವರ ಸರ್ಕಾರ. ಡಿಕ್ಲರೇಶನ್, ಅಂದರೆ ಮೇಷ್ಟ್ರು ಹೇಳಿದ ಆ ಏಳನೇ ನಮೂನೆ, ಹಾಕದೆ ಉಳಿದವರೂ ಇದ್ದಾರೆ. ನನ್ನ ಅತ್ತೆ ಒಡೆಯರ ಮನೆಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹಾಕಲೇ ಇಲ್ಲ. ನಾಟಿ ಮಾಡಿ ಬೆನ್ನು ಬಗ್ಗಿಸಿಕೊಂಡ ಗದ್ದೆಯನ್ನು ಕೊನೆಗೆ ಬೇಲಿಯಾಚೆಯಿಂದ ನೋಡುವಂತಾಯಿತು. ಮಗಳು ಇದನ್ನೂ ಒಂದು ಸಾಲಿನಲ್ಲಿ ಬರೆಯಲಿ.

ಶಿವಮೊಗ್ಗದ ತಾಯಿ

ಇಬ್ಬರಿಗೂ ನಮಸ್ಕಾರ. ಓದಿ ಹೇಳಿದೆ. “ಗಣಪತಿಯಪ್ಪನವರ ಹೆಸರು ಯಾವ ಬಡಾವಣೆಗೆ ಇಟ್ಟಿದ್ದಾರೆ?” ಎಂದು ಕೇಳಿದಳು, ನನಗೆ ಉತ್ತರ ತೋಚಲಿಲ್ಲ. ಮೇಷ್ಟ್ರೇ, ಆ ಕೊಳಗದ ಒಂದು ಚಿತ್ರ ಕಳುಹಿಸುವಿರಾ?

ಸಾಗರದ ನಿವೃತ್ತ ಶಿಕ್ಷಕ

ಚಿತ್ರ ಬೇಡ, ಭಾನುವಾರ ಅವಳನ್ನೇ ಕರೆದುಕೊಂಡು ಬನ್ನಿ. ಕೊಳಗವನ್ನು ಅಟ್ಟದಿಂದ ಇಳಿಸಿ ಒರೆಸಿಡುತ್ತೇನೆ. ಒಂದು ಚೀಲ ಭತ್ತವನ್ನೂ ತೆಗೆದಿಡುತ್ತೇನೆ, ಅವಳೇ ಅಳೆದು ನೋಡಲಿ.