ತೆನೆ ಹಬ್ಬಕ್ಕೆ ಎಐ ನೆರವಿನಿಂದ ಗಾಸ್ಪೆಲ್ ಹಾಡು: ಮಾಡಿ ನೋಡಿದವರು ತಿಳಿಸಿ

ತೀರ್ಥಹಳ್ಳಿ ಸಮೀಪದಿಂದ ಪ್ರಶ್ನೆ
ನಮ್ಮ ಚರ್ಚಿನ ಗಾನವೃಂದದಲ್ಲಿ ಈಗ ಉಳಿದಿರುವುದು ಏಳೇ ಜನ. ರಾಗ ಹಾಕಿಕೊಡುತ್ತಿದ್ದವರು ಬೆಂಗಳೂರು ಸೇರಿದರು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಗಾಸ್ಪೆಲ್ ಶೈಲಿಯ ಹೊಸ ಹಾಡು ಬೇಕು. ಹಾಡು ಕಟ್ಟುವ ಆ್ಯಪ್‌ನಲ್ಲಿ ‘ಕನ್ನಡ ಗಾಸ್ಪೆಲ್ ಹಾಡು’ ಎಂದು ಬರೆದರೆ ಸಿನಿಮಾ ಹಾಡಿನಂಥದ್ದೇ ಬರುತ್ತಿದೆ. ಪ್ರಾಂಪ್ಟ್ ಹೇಗೆ ಬರೆಯಬೇಕು?

ಸಾಗರದಿಂದ
ಸಹೋದರಿ, ಸಾಹಿತ್ಯವನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ಪ್ರಾರ್ಥನೆ ನಿಮ್ಮದು, ಮಾತೂ ನಿಮ್ಮದೇ ಆಗಿರಲಿ. ಹಾಡು ಕಟ್ಟುವ ಆ್ಯಪ್‌ಗಳಾದ ಸುನೊ, ಉಡಿಯೊ ಎರಡರಲ್ಲೂ ಶೈಲಿಯ ವಿವರಣೆಯನ್ನೂ ಸ್ವಂತ ಸಾಹಿತ್ಯವನ್ನೂ ಪ್ರತ್ಯೇಕವಾಗಿ ಕೊಡಬಹುದು.

‘ಗಾಸ್ಪೆಲ್’ ಎಂಬ ಒಂದು ಪದದಿಂದ ಕೆಲಸವಾಗುವುದಿಲ್ಲ. 1930ರ ದಶಕದಲ್ಲಿ ಷಿಕಾಗೊದ ಸಂಗೀತಗಾರ ಥಾಮಸ್ ಡಾರ್ಸಿ ಬ್ಲೂಸ್ ಸಂಗೀತದ ಲಯವನ್ನು ದೇವಸ್ತುತಿಗೆ ತಂದರು; ಗಾಸ್ಪೆಲ್ ಶೈಲಿ ಬೆಳೆದದ್ದು ಹಾಗೆ. ಆ ನಾದದ ಗುರುತುಗಳನ್ನೇ ಬಿಡಿಬಿಡಿಯಾಗಿ ಕೇಳಬೇಕು. ನಾನು ಇಂಗ್ಲಿಷಿನಲ್ಲಿ ಬರೆದದ್ದರ ತಿರುಳು ಇಷ್ಟು: ನಿಧಾನಗತಿ, 12/8 ತಾಳ, ಹ್ಯಾಮಂಡ್ ಆರ್ಗನ್ ಮತ್ತು ಪಿಯಾನೊ, ತಾಳದ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿನ ಮೇಲೆ ಚಪ್ಪಾಳೆ, ಮುಂದೆ ಒಬ್ಬ ಹೆಂಗಸಿನ ಗಟ್ಟಿ ಕಂಠ, ಅದಕ್ಕೆ ಗುಂಪಿನ ಉತ್ತರ. ದೀಪಾವಳಿಯ ಅಂಟಿಗೆ-ಪಂಟಿಗೆ ಹಾಡು ಕೇಳಿದವರಿಗೆ, ಮುಂದಿನವರ ಸಾಲನ್ನು ಹಿಂದಿನವರು ಎತ್ತಿಕೊಳ್ಳುವ ಈ ಕ್ರಮ ಹೊಸದೇನಲ್ಲ.

ನಾನು ಎಡವಿದ್ದು ಸಾಲುಗಳ ಅಳತೆಯಲ್ಲಿ. ಮೊದಲು ಉದ್ದುದ್ದ ಗದ್ಯದಂತೆ ಬರೆದಿದ್ದೆ. ಯಂತ್ರ ಅರ್ಧ ಸಾಲನ್ನು ಎಳೆದು, ಉಳಿದರ್ಧವನ್ನು ಒಂದೇ ಉಸಿರಿಗೆ ನುಂಗಿತು. 12/8 ತಾಳದಲ್ಲಿ ಪ್ರತಿ ಪೆಟ್ಟಿಗೂ ಮೂರು ಎಣಿಕೆ. ಹಾಗಾದರೆ ಮಾತೂ ಮೂರು ಮಾತ್ರೆಯ ಗಣಗಳಲ್ಲಿ ಇರಲಿ ಎಂದು ರಾತ್ರಿ ಕೂತು ಬೆರಳು ಮಡಚಿ ಎಣಿಸಿದೆ:

ಮಳೆಯ ನಡುವೆ ಕಾಯ್ದ ತಂದೆ,
ಮೊದಲ ತೆನೆಯ ನಿನಗೆ ತಂದೆ.

ಸಾಲಿಗೆ ಹನ್ನೆರಡು ಮಾತ್ರೆ. ಇದನ್ನು ಕೊಟ್ಟ ಕೂಡಲೇ ಲಯ ತಾನಾಗಿ ಕೂಡಿಬಂತು. ಎರಡನೆಯ ‘ತಂದೆ’ಯನ್ನು ಗುಂಪು ಎತ್ತಿಕೊಂಡಾಗ ನನಗೆ ಕಣ್ಣು ತುಂಬಿತು. ಕಿಟೆಲ್ ಅವರು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಏಕೆ ಬರೆದರು ಎಂಬುದು ಆಗ ಅರ್ಥವಾಯಿತು.

ಉಚ್ಚಾರದ ಕಡೆ ಗಮನ ಇರಲಿ. ‘ಮಳೆಯ’ ಎಂಬುದು ಎರಡು ಸಲ ‘ಮಲೆಯ’ ಎಂದೇ ಬಂತು, ಮೂರನೆಯ ಸಲ ಸರಿಹೋಯಿತು. ‘ಸ್ತೋತ್ರ’ದಂಥ ಒತ್ತಕ್ಷರದ ಪದವನ್ನು ಸಾಲಿನ ಕೊನೆಯಲ್ಲಿ ಇಡಬೇಡಿ, ತೊದಲುತ್ತದೆ.

ಕೊಪ್ಪದಿಂದ
ಸಾಹಿತ್ಯದ ನಡುವೆ ಚೌಕ ಆವರಣದಲ್ಲಿ ವರ್ಸ್, ಕೋರಸ್, ಬ್ರಿಡ್ಜ್ ಎಂದು ಇಂಗ್ಲಿಷಿನಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ಪಲ್ಲವಿ ಯಾವುದು, ಚರಣ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಗಾಯಕರ ಹೆಸರು ಹಾಕಿ ‘ಅವರ ಹಾಗೆ’ ಎಂದು ಕೇಳಬೇಡಿ. ಧ್ವನಿ ಹೇಗಿರಬೇಕೆಂದು ವಿವರಿಸಿದರೆ ಸಾಕು.

ಶಿವಮೊಗ್ಗದಿಂದ
ಹಕ್ಕಿನ ವಿಷಯವನ್ನೂ ನೋಡಿಕೊಳ್ಳಿ. ಬರೀ ಪ್ರಾಂಪ್ಟ್ ಕೊಟ್ಟು ಪಡೆದದ್ದಕ್ಕೆ ಕೃತಿಸ್ವಾಮ್ಯ ಸಿಗುವುದಿಲ್ಲ ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2025ರ ಜನವರಿಯ ವರದಿಯಲ್ಲಿ ಹೇಳಿದೆ. ನೀವೇ ಬರೆದ ಮಾತು ಮಾತ್ರ ನಿಮ್ಮದಾಗಿ ಉಳಿಯುತ್ತದೆ. ಯೂಟ್ಯೂಬ್‌ನಲ್ಲಿ ಹಾಕಿ ಹಣ ಗಳಿಸುವ ಯೋಚನೆ ಇದ್ದರೆ ಹಾಡು ಕಟ್ಟುವ ಆ್ಯಪ್‌ನ ಉಚಿತ ಖಾತೆಯ ನಿಯಮಗಳನ್ನು ಮೊದಲೇ ಓದಿ. ಇನ್ನೊಬ್ಬರ ಕೀರ್ತನೆಯ ಸಾಲನ್ನು ಎತ್ತಿ ಬಳಸುವುದಂತೂ ಬೇಡವೇ ಬೇಡ.

ಸಾಗರದವರು ಮತ್ತೆ
ಒಂದು ಮಾತು ಬಿಟ್ಟುಹೋಯಿತು. ಆ ಧ್ವನಿಮುದ್ರಣವನ್ನು ಬಲಿಪೂಜೆಯಲ್ಲಿ ಹಾಕಲಿಲ್ಲ, ರಾಗ ಕಲಿಯಲು ಮಾತ್ರ ಬಳಸಿಕೊಂಡೆವು. ಯಂತ್ರದ ಶ್ರುತಿ ನಮ್ಮ ಹಿರಿಯ ಹೆಂಗಸರಿಗೆ ಎಟುಕಲಿಲ್ಲ. ಕೀಬೋರ್ಡಿನಲ್ಲಿ ಎರಡು ಮನೆ ಇಳಿಸಿದೆವು. ಶನಿವಾರದ ಅಭ್ಯಾಸದಲ್ಲಿ ಹೆಂಚಿನ ಮೇಲೆ ಮಳೆ ಜೋರಾಗಿ ಮೊಬೈಲಿನ ಹಾಡು ಕೇಳಿಸದಾಯಿತು. ಹುಡುಗನೊಬ್ಬ ಅದನ್ನು ಆರಿಸಿ ಬೆಂಚಿನ ಮೇಲಿಟ್ಟ. ಒಂಬತ್ತು ಜನ ಪಲ್ಲವಿಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡೆವು. ನಿಮ್ಮದು ಏಳು ಜನ, ಧಾರಾಳವಾಗಿ ಸಾಕು.