ಆಪ್ತವೋ ಗೌಪ್ಯವೋ: 1864ರ ನಯಾಗರ ಪತ್ರಗಳಲ್ಲಿ ಒಂದು ಪದ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಕಾಲದ ಕೆಲವು ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾನ್ಫಿಡೆನ್ಷಿಯಲ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ.

ಸಂದರ್ಭ ಹೇಳಿಬಿಡುತ್ತೇನೆ. ನ್ಯೂಯಾರ್ಕ್ ಟ್ರಿಬ್ಯೂನ್ ಸಂಪಾದಕ ಹೊರೇಸ್ ಗ್ರೀಲಿ ಅವರಿಗೆ 1864ರ ಹೊತ್ತಿಗೆ ಯುದ್ಧ ಸಾಕುಸಾಕಾಗಿತ್ತು. ಅಮೆರಿಕದಿಂದ ಬೇರೆಯಾಗಿ ನಿಂತ ದಕ್ಷಿಣದ ರಾಜ್ಯಗಳವರ ಕಡೆಯ ಜನ ಸಂಧಾನಕ್ಕೆಂದು ನಯಾಗರದ ಕೆನಡಾ ದಡದಲ್ಲಿ ಬಂದು ಕೂತಿದ್ದಾರೆ ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ಲಿಂಕನ್‌ಗೆ ಬರೆದರು. ಲಿಂಕನ್ ಆ ಕೆಲಸವನ್ನು ಅವರ ತಲೆಗೇ ಕಟ್ಟಿದರು! ಜುಲೈ 17ರಂದು ಗ್ರೀಲಿ ಆ ಕಡೆಯವರಿಗೆ ಪತ್ರ ಕಳಿಸಿದರು. ಆ ಕಡೆ ಇದ್ದವರಲ್ಲಿ ಮುಖ್ಯ ಕ್ಲೆಮೆಂಟ್ ಕ್ಲೇ. ಹಿಂದೆ ಅಲಬಾಮದಿಂದ ಅಮೆರಿಕದ ಸೆನೆಟರ್ ಆಗಿದ್ದವರು. ಜೊತೆಗೆ ಜೇಮ್ಸ್ ಹೋಲ್ಕೊಂಬ್, ಕಾನೂನು ಪ್ರಾಧ್ಯಾಪಕ.

ನೀವು ರಿಚ್ಮಂಡ್‌ನಿಂದ (ದಕ್ಷಿಣದವರ ರಾಜಧಾನಿ) ‘ಅಕ್ರೆಡಿಟೆಡ್’ ಆಗಿ ಬಂದವರಂತೆ ಎಂದು ಗ್ರೀಲಿ ಬರೆಯುತ್ತಾರೆ. ಇಲ್ಲಪ್ಪಾ, ಹಾಗೆ ಯಾರೂ ನಮ್ಮನ್ನು ಕಳಿಸಿಲ್ಲ, ಆದರೆ ನಮ್ಮ ಸರ್ಕಾರದ ‘ಕಾನ್ಫಿಡೆನ್ಷಿಯಲ್’ ಕೆಲಸದಲ್ಲಿದ್ದೇವೆ, ಅದರ ಮನಸ್ಸು ನಮಗೆ ಚೆನ್ನಾಗಿ ಗೊತ್ತು ಎಂಬುದು ಕ್ಲೇ, ಹೋಲ್ಕೊಂಬ್ ಮಾರನೇ ದಿನ ಕೊಟ್ಟ ಉತ್ತರದ ಸಾರ.

‘ಅಕ್ರೆಡಿಟೆಡ್’ ಎಂಬುದಕ್ಕೆ ಪತ್ರಕರ್ತರ ಕಾರ್ಡಿನ ‘ಮಾನ್ಯತೆ ಪಡೆದ’ ಕೈಗೆ ಸುಲಭವಾಗಿ ಸಿಗುತ್ತದೆ. ಇಲ್ಲಿ ಅದು ಬೇಡ. ದಕ್ಷಿಣದ ಸರ್ಕಾರಕ್ಕೆ ಲಿಂಕನ್ ಕೊಡದೇ ಇದ್ದದ್ದೇ ಮಾನ್ಯತೆ. ಅದೇ ಪದವನ್ನು ದೂತರಿಗೂ ಹಾಕಿದರೆ ಓದುಗರಿಗೆ ಗೊಂದಲ. ‘ಅಧಿಕಾರಪತ್ರ ಪಡೆದು ಬಂದವರು’ ಎಂದು ಬಿಡಿಸಿ ಬರೆದಿದ್ದೇನೆ. ‘ರಾಯಭಾರಿ’ಯನ್ನೂ ಬಿಟ್ಟೆ. ಕೃಷ್ಣ ರಾಯಭಾರಕ್ಕೆ ಹೋದದ್ದು ಪಾಂಡವರು ಒಪ್ಪಿ ಕಳಿಸಿದ್ದರಿಂದ. ಇವರನ್ನು ಕಳಿಸಿದವರು ಯಾರು, ಏನು ಹೇಳಿ ಕಳಿಸಿದರು ಅನ್ನುವುದೇ ಅಲ್ಲಿನ ಜಗಳ.

ಈ ವಿಷಯದಲ್ಲಿ ಲಿಂಕನ್ ಎಷ್ಟು ಹುಷಾರು ನೋಡಿ. ಜುಲೈ 18ರ ತಮ್ಮ ಚೀಟಿಯಲ್ಲಿ ಯಾರ ಹೆಸರನ್ನೂ ಬರೆಯಲಿಲ್ಲ. ‘ಸಂಬಂಧಪಟ್ಟವರಿಗೆ’ ಅಂತಷ್ಟೇ. ಒಕ್ಕೂಟ ಒಂದಾಗಬೇಕು, ಗುಲಾಮಗಿರಿ ಹೋಗಬೇಕು, ಯುದ್ಧದಲ್ಲಿರುವ ಸೈನ್ಯವನ್ನು ಹಿಡಿತದಲ್ಲಿಟ್ಟವರ ಕಡೆಯಿಂದಲೇ ಮಾತು ಬರಬೇಕು ಅನ್ನುವ ಷರತ್ತು ಬೇರೆ. ‘ಸಂಬಂಧಪಟ್ಟವರಿಗೆ’ ಅನ್ನುವುದು ನಮ್ಮ ಕಾಲೇಜುಗಳು ಕೊಡುವ ಪ್ರಮಾಣಪತ್ರಗಳ ತಲೆಯ ಮೇಲಿರುವ ಸಪ್ಪೆ ಸಾಲು ಅಲ್ವಾ! ಅಲ್ಲಿ ಮಾತ್ರ ಎದುರಿನವರಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಕ್ಲೇ, ಹೋಲ್ಕೊಂಬ್ ಸಿಟ್ಟಿನಿಂದ ಗ್ರೀಲಿಗೆ ಬರೆದ ಉದ್ದನೆಯ ಪತ್ರ ಪತ್ರಿಕೆಗಳಲ್ಲಿ ಬಂತು. ಮಾತುಕತೆ ಅಲ್ಲಿಗೇ ಮುರಿಯಿತು.

ಈಗ ನನ್ನ ಪ್ರಶ್ನೆ. ‘ಗೌಪ್ಯ ಕೆಲಸ’ ಎಂದರೆ ಗೂಢಚಾರರ ವಾಸನೆ ಬರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಅದೇ ಅಕ್ಟೋಬರ್‌ನಲ್ಲಿ ಕೆನಡಾದಿಂದ ನುಗ್ಗಿ ವರ್ಮಾಂಟ್‌ನ ಸೇಂಟ್ ಆಲ್ಬನ್ಸ್‌ನಲ್ಲಿ ಬ್ಯಾಂಕು ದೋಚಿದವರ ಹಿಂದೆ ಕ್ಲೇ ಇದ್ದರು. ಆದರೆ ಪತ್ರದಲ್ಲಿ ಅವರೇ ಹಾಗೆ ಹೇಳಿಕೊಳ್ಳುವುದು ಹೇಗೆ? ‘ಖಾಸಗಿ’ ಎಂದರೆ ಸರ್ಕಾರಕ್ಕೆ ಸಂಬಂಧವೇ ಇಲ್ಲ ಎಂದಾಗುತ್ತದೆ. ‘ಆಪ್ತ ಕಾರ್ಯದರ್ಶಿ’ಯ ದಾರಿಯಲ್ಲಿ ‘ಸರ್ಕಾರದ ಆಪ್ತ ಸೇವೆಯಲ್ಲಿದ್ದೇವೆ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ನಂಬಿಕೆಯೂ ಬಂತು, ಗುಟ್ಟೂ ಸ್ವಲ್ಪ ಉಳಿಯಿತು ಅಂತ ನನಗನ್ನಿಸುತ್ತದೆ. ಇದಕ್ಕಿಂತ ಒಗ್ಗುವ ಪದ, ಹಳೆಯ ದಫ್ತರದ ಮಾತಾದರೂ ಸರಿ, ಯಾರಿಗಾದರೂ ಹೊಳೆದರೆ ತಿಳಿಸಿ.