ವಾಕ್ಯರೂಪದ ಲೆಕ್ಕಗಳಿಗೆ ಪರಸ್ಪರ ಬೋಧನೆ: ಗುಂಪಿನಲ್ಲಿ ಒಬ್ಬನೇ ಬಿಡಿಸುತ್ತಾನೆ, ಉಳಿದವರು ನಕಲು ಮಾಡುತ್ತಾರೆ

ಪ್ರಶ್ನೆ

ನಾನು ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಭಿನ್ನರಾಶಿಗಳನ್ನು ಕೂಡುವುದು, ಕಳೆಯುವುದು ಚೆನ್ನಾಗಿಯೇ ಬರುತ್ತದೆ. ಅದೇ ಲೆಕ್ಕವನ್ನು ನಾಲ್ಕು ವಾಕ್ಯಗಳಲ್ಲಿ ಕೊಟ್ಟರೆ ಮಾತ್ರ, ಕಣ್ಣಿಗೆ ಬಿದ್ದ ಸಂಖ್ಯೆಗಳನ್ನು ಹೆಕ್ಕಿಕೊಂಡು, ಕೂಡಬೇಕೋ ಗುಣಿಸಬೇಕೋ ಎಂದು ನನ್ನ ಮುಖ ನೋಡುತ್ತಾರೆ. ಭಾಷಾ ಪಾಠಗಳಲ್ಲಿ ಬಳಸುವ ಪರಸ್ಪರ ಬೋಧನೆಯನ್ನು (ಮಕ್ಕಳೇ ಗುಂಪಿನಲ್ಲಿ ಚರ್ಚಿಸುತ್ತ ಓದಿದ್ದನ್ನು ಅರ್ಥಮಾಡಿಕೊಳ್ಳುವ ಪದ್ಧತಿ) ಇಲ್ಲಿಯೂ ಪ್ರಯತ್ನಿಸೋಣವೆಂದು, ಮೂರು ವಾರಗಳ ಹಿಂದೆ ನಾಲ್ವರ ಗುಂಪುಗಳನ್ನು ಮಾಡಿ, ಊಹಿಸುವವರು, ಸ್ಪಷ್ಟಪಡಿಸುವವರು, ಪ್ರಶ್ನೆ ಕೇಳುವವರು, ಸಾರಾಂಶ ಹೇಳುವವರು ಎಂದು ಚೀಟಿಗಳನ್ನು ಹಂಚಿದೆ.

ಆದದ್ದಿಷ್ಟು: ಪ್ರತಿ ಗುಂಪಿನಲ್ಲೂ ಚುರುಕಾದ ಒಬ್ಬರು ಎರಡು ನಿಮಿಷದಲ್ಲಿ ಲೆಕ್ಕ ಬಿಡಿಸಿಬಿಡುತ್ತಾರೆ, ಉಳಿದ ಮೂವರು ಅದನ್ನು ನೋಡಿ ಬರೆದುಕೊಳ್ಳುತ್ತಾರೆ, ಆಮೇಲೆ ನನಗಾಗಿ ಚೀಟಿಯಲ್ಲಿದ್ದ ಪಾತ್ರವನ್ನು ಒಪ್ಪಿಸುತ್ತಾರೆ. ನಲವತ್ತು ನಿಮಿಷದ ಒಂದು ಅವಧಿ ಒಂದೇ ಲೆಕ್ಕಕ್ಕೆ ಮುಗಿದುಹೋಗುತ್ತದೆ. ಈ ಪದ್ಧತಿ ಗಣಿತಕ್ಕೆ ಒಗ್ಗುವುದೇ ಇಲ್ಲವೋ, ಅಥವಾ ನಾನು ನಡೆಸುತ್ತಿರುವ ರೀತಿಯಲ್ಲಿ ತಪ್ಪಿದೆಯೋ?

ಉತ್ತರ 1

ಓದಿನ ಪಾಠಕ್ಕೆಂದು ಮಾಡಿದ ಚೀಟಿಗಳನ್ನು ಲೆಕ್ಕಕ್ಕೂ ಹಾಗೆಯೇ ಹಂಚಿದ್ದರಿಂದ ಈ ತೊಡಕು ಬಂದಿದೆ ಎಂದು ನನಗನ್ನಿಸುತ್ತದೆ. ಅಮೆರಿಕದ ಸಂಶೋಧಕಿಯರಾದ ಪ್ಯಾಲಿಂಕ್ಸರ್ ಮತ್ತು ಬ್ರೌನ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದ ಮಕ್ಕಳೂ ನಿಮ್ಮ ವಿದ್ಯಾರ್ಥಿಗಳಂತೆ ಏಳನೇ ತರಗತಿಯವರೇ. ಅಕ್ಷರ ತಪ್ಪದೆ ಓದಿಯೂ ಓದಿದ್ದರ ಅರ್ಥ ಹೇಳಲಾಗದವರು. ಆದರೆ ಅಲ್ಲಿ ನಾಲ್ಕು ಕೆಲಸಗಳನ್ನು ನಾಲ್ವರಿಗೆ ಹಂಚಿಬಿಟ್ಟಿರಲಿಲ್ಲ. ಒಂದು ಭಾಗಕ್ಕೆ ಒಬ್ಬ ವಿದ್ಯಾರ್ಥಿ ಶಿಕ್ಷಕರ ಸ್ಥಾನದಲ್ಲಿ ಕುಳಿತು ಚರ್ಚೆಯನ್ನು ನಡೆಸುವುದು, ಮುಂದಿನ ಭಾಗಕ್ಕೆ ಸರದಿ ಇನ್ನೊಬ್ಬರಿಗೆ ಹೋಗುವುದು, ಶಿಕ್ಷಕರು ಮೊದಮೊದಲು ಹೆಚ್ಚು ಮಾತನಾಡಿ ಕ್ರಮೇಣ ಹಿಂದೆ ಸರಿಯುವುದು: ಇದೇ ಅದರ ಜೀವಾಳ. ಚೀಟಿ ಪದ್ಧತಿ ಆಮೇಲೆ ಬಂದದ್ದು, ಮತ್ತು ಚೀಟಿ ಸಿಕ್ಕ ಮಗು ತನ್ನ ಒಂದು ವಾಕ್ಯ ಹೇಳಿ ಕೈತೊಳೆದುಕೊಳ್ಳುತ್ತದೆ.

ಇನ್ನು ಹಂತಗಳ ವಿಷಯ. ಕಥೆಯಲ್ಲಿ ಮುಂದೇನಾಗುವುದೆಂದು ಊಹಿಸಬಹುದು, ಏಕೆಂದರೆ ಮುಂದೆ ಇನ್ನೊಂದು ಪುಟವಿರುತ್ತದೆ. ಲೆಕ್ಕ ನಾಲ್ಕೇ ವಾಕ್ಯಕ್ಕೆ ಮುಗಿಯುವುದರಿಂದ ಅಲ್ಲಿ ಊಹಿಸಬೇಕಾದದ್ದು ಉತ್ತರದ ಸ್ವರೂಪವನ್ನು: ಅದು ಲೀಟರೋ ಭಾಗವೋ, ಕೊಟ್ಟಿರುವ ಯಾವ ಸಂಖ್ಯೆಗಿಂತ ದೊಡ್ಡದಿರಬೇಕು, ಯಾವುದಕ್ಕಿಂತ ಚಿಕ್ಕದಿರಬೇಕು. ಪ್ರಶ್ನೆ ಕೇಳುವ ಹಂತದ ಜಾಗದಲ್ಲಿ ಬಿಡಿಸುವ ಹಂತವನ್ನಿಟ್ಟು, ಪ್ರಶ್ನೆಗಳನ್ನು ಎಲ್ಲ ಹಂತಗಳಿಗೂ ಹರಡುವುದು ಒಳ್ಳೆಯದು; ಗಣಿತಕ್ಕೆ ಇದನ್ನು ಹೊಂದಿಸಿಕೊಂಡ ಕೆಲವರು ಹಾಗೆಯೇ ಮಾಡಿದ್ದಾರೆ. ಸಾರಾಂಶವೆಂದರೆ ಮಾಡಿದ ಹಂತಗಳನ್ನು ಮತ್ತೆ ಓದುವುದಲ್ಲ, ಊಹಿಸಿದ್ದಕ್ಕೂ ಬಂದದ್ದಕ್ಕೂ ತಾಳೆ ಇದೆಯೇ ಎಂದು ನೋಡುವುದು. ಲೆಕ್ಕ ಬಿಡಿಸುವುದಕ್ಕೆ ಗಣಿತಜ್ಞ ಪೋಲ್ಯಾ 1945ರಲ್ಲಿ ಹೇಳಿದ ನಾಲ್ಕು ಹಂತಗಳಲ್ಲಿ ಕೊನೆಯದೂ ಹೀಗೆ ಹಿಂತಿರುಗಿ ನೋಡುವುದೇ ಆಗಿದೆ.

ಉತ್ತರ 2

ನನ್ನ ತರಗತಿಯಲ್ಲಿ ನಡೆದ ಒಂದು ಲೆಕ್ಕವನ್ನೇ ಹೇಳುತ್ತೇನೆ. "ಒಂದು ತೊಟ್ಟಿಯ 3/5 ಭಾಗ ನೀರಿತ್ತು. 40 ಲೀಟರ್ ತೆಗೆದಾಗ ಅರ್ಧ ಉಳಿಯಿತು. ತೊಟ್ಟಿಯಲ್ಲಿ ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ?" ಮೊದಲ ಸಲ ಕೊಟ್ಟಾಗ ಹಲವರು 40ರ 3/5 ಭಾಗವೆಂದು 24 ಬರೆದು ಪುಸ್ತಕ ಮುಚ್ಚಿದ್ದರು. ನಲವತ್ತು ಲೀಟರ್ ತೆಗೆದ ತೊಟ್ಟಿಯಲ್ಲಿ ಇಪ್ಪತ್ತನಾಲ್ಕೇ ಲೀಟರ್ ಹಿಡಿಯುವುದು ಹೇಗೆಂದು ಒಬ್ಬರಿಗೂ ಅನ್ನಿಸಿರಲಿಲ್ಲ.

ಮರುವರ್ಷ ಒಂದು ನಿಯಮ ಮಾಡಿದೆ: ಊಹೆಯೂ ಸ್ಪಷ್ಟೀಕರಣವೂ ಮುಗಿಯುವವರೆಗೆ ಎಲ್ಲರ ಪೆನ್ಸಿಲ್‌ಗಳು ಮೇಜಿನ ನಡುವೆ ಇರಬೇಕು. ಚರ್ಚೆ ನಡೆಸುವ ಸರದಿಯಲ್ಲಿದ್ದ ಹುಡುಗಿ "ಉತ್ತರ ನಲವತ್ತಕ್ಕಿಂತ ಹೆಚ್ಚಿರಲೇಬೇಕಲ್ಲವೇ?" ಎಂದು ಕೇಳಿದಳು. ಎಲ್ಲರೂ ಒಪ್ಪಿದರು. ಆಮೇಲೆ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗನೊಬ್ಬ "ಅರ್ಧ ಅಂದರೆ ತೊಟ್ಟಿಯ ಅರ್ಧವೋ, ಇದ್ದ ನೀರಿನ ಅರ್ಧವೋ?" ಎಂದ. ಲೆಕ್ಕ ಬರೆದವನು ನಾನೇ. ನನಗೇ ಅದು ಹೊಳೆದಿರಲಿಲ್ಲ. ತೊಟ್ಟಿಯ ಅರ್ಧವೆಂದರೆ 3/5ರಿಂದ 1/2 ಕಳೆದು ಉಳಿಯುವ 1/10 ಭಾಗವೇ 40 ಲೀಟರ್, ಆದ್ದರಿಂದ ಉತ್ತರ 400. ನೀರಿನ ಅರ್ಧವೆಂದರೆ ಮೊದಲಿದ್ದ ನೀರು 80 ಲೀಟರ್, ಅದು ತೊಟ್ಟಿಯ 3/5 ಭಾಗ, ಆದ್ದರಿಂದ ಉತ್ತರ 133ಕ್ಕಿಂತ ತುಸು ಹೆಚ್ಚು. ಎರಡೂ ಅರ್ಥಗಳಿಗೆ ಒಂದೊಂದು ಚಿತ್ರ ಬರೆದ ಮೇಲೆ ಲೆಕ್ಕ ಮಾಡುವುದಕ್ಕೆ ಮೂರು ನಿಮಿಷ ಸಾಕಾಯಿತು.

ಚುರುಕಾದ ಮಕ್ಕಳಿಗೆ ನನ್ನಲ್ಲಿ ಬೇರೆ ನಿಯಮವಿಲ್ಲ, ಆದರೆ ಸರದಿಯಲ್ಲಿ ಕುಳಿತವರು ಉತ್ತರ ಹೇಳುವಂತಿಲ್ಲ, ಕೇಳುವುದಷ್ಟೇ ಅವರ ಕೆಲಸ. ಸಾರಾಂಶ ಹೇಳುವವರನ್ನು ಕೊನೆಯಲ್ಲಿ ನಾನು ಆರಿಸುತ್ತೇನೆ. ಯಾರನ್ನು ಕರೆಯುತ್ತೇನೆಂದು ಗೊತ್ತಿಲ್ಲದಿದ್ದರೆ ನೋಡಿ ಬರೆದುಕೊಂಡು ಸುಮ್ಮನಿರುವುದು ಕಷ್ಟ. ಇದಕ್ಕೂ ಮೊದಲು ಎರಡು ವಾರ ನಾನೇ ಹಲಗೆಯ ಮುಂದೆ ನಿಂತು, ಎಡವುವ ಜಾಗದಲ್ಲಿ ಬೇಕೆಂದೇ ಎಡವಿ, ಗಟ್ಟಿಯಾಗಿ ಯೋಚಿಸಿ ತೋರಿಸಿದ್ದೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ನಾಟಕವಾಗುತ್ತದೆ.

ಉತ್ತರ 3

ಮೇಲಿನವರ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕುವುದು ಅಗತ್ಯವೆನಿಸುತ್ತದೆ. ರೋಸೆನ್‌ಶೈನ್ ಮತ್ತು ಮೈಸ್ಟರ್ ಅವರು 1994ರಲ್ಲಿ ಪರಸ್ಪರ ಬೋಧನೆಯ 16 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸಂಶೋಧಕರೇ ಸಿದ್ಧಪಡಿಸಿದ ಪರೀಕ್ಷೆಗಳಲ್ಲಿ ಪರಿಣಾಮದ ಪ್ರಮಾಣ (ಈ ಸಂಖ್ಯೆ ದೊಡ್ಡದಾದಷ್ಟೂ ಪ್ರಯೋಜನ ಹೆಚ್ಚು) 0.88, ಪ್ರಮಾಣೀಕೃತ ಪರೀಕ್ಷೆಗಳಲ್ಲಿ 0.32 ಎಂದು ಕಂಡುಬಂದಿತ್ತು. ಅದೂ ಓದಿನ ಗ್ರಹಿಕೆಯ ಕುರಿತಾದದ್ದೇ ಹೊರತು ಗಣಿತದ ಕುರಿತಾದದ್ದಲ್ಲ. ಭಿನ್ನರಾಶಿಯೇ ಬಾರದ ಮಗುವಿಗೆ ಗುಂಪಿನ ಮಾತುಕತೆಯಿಂದ ಭಿನ್ನರಾಶಿ ಬಂದುಬಿಡುವುದಿಲ್ಲ. ಅಂಥವರಿಗೆ ಮೊದಲು ಬಿಡಿಸಿದ ಮಾದರಿಗಳನ್ನು ಕೊಡುವುದೇ ಮೇಲು, ಬೀಜಗಣಿತದ ಆರಂಭಿಕರ ವಿಷಯದಲ್ಲಿ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲೇ ಅದನ್ನು ತೋರಿಸಿದ್ದಾರೆ. ನಿಮ್ಮ ಮಕ್ಕಳಿಗೆ ಲೆಕ್ಕ ಬರುತ್ತದೆ, ವಾಕ್ಯ ಅರ್ಥವಾಗುವುದಿಲ್ಲ ಎಂದಿರುವುದರಿಂದ ನಿಮ್ಮಲ್ಲಿ ಇದು ಉಪಯೋಗಕ್ಕೆ ಬರಬಹುದು. ಆದರೆ ವಾರಕ್ಕೆ ಒಂದು ಅಥವಾ ಎರಡು ಲೆಕ್ಕ ಸಾಕು, ಅದೂ ಮಾತಿನಲ್ಲಿ ಸಿಕ್ಕು ಇರುವಂಥವು. "ಮೂರು ಪಟ್ಟು" ಮತ್ತು "ಮೂರು ಪಟ್ಟು ಹೆಚ್ಚು" ಒಂದೇ ಹೌದೋ ಅಲ್ಲವೋ ಎಂದು ದೊಡ್ಡವರೇ ವಾದಿಸುತ್ತಾರೆ. ಅಂಥ ಲೆಕ್ಕವನ್ನು ಚರ್ಚೆಗೆ ಕೊಡಿ, ನೇರವಾದ ಲೆಕ್ಕಗಳನ್ನು ಒಬ್ಬೊಬ್ಬರೇ ಮಾಡಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಚೀಟಿಗಳನ್ನು ಕೈಬಿಟ್ಟು, ಪೆನ್ಸಿಲ್‌ಗಳನ್ನು ಮೇಜಿನ ನಡುವೆ ಇಡಿಸಿ, ಈ ವಾರ ಒಂದೇ ಲೆಕ್ಕ ಕೊಟ್ಟೆ: "ಅಣ್ಣನ ಬಳಿ 15 ಗೋಲಿಗಳಿವೆ. ಅವು ತಮ್ಮನ ಬಳಿ ಇರುವುದಕ್ಕಿಂತ 6 ಹೆಚ್ಚು. ತಮ್ಮನ ಬಳಿ ಎಷ್ಟಿವೆ?" ಯಾವಾಗಲೂ ಮೊದಲು ಮುಗಿಸುವ ಹುಡುಗ "ಹೆಚ್ಚು" ಎಂಬುದನ್ನು ಕಂಡೊಡನೆ 21 ಎಂದು ಬರೆದುಬಿಟ್ಟಿದ್ದ. ಸರದಿಯಲ್ಲಿ ಕುಳಿತಿದ್ದ ಹುಡುಗಿ "ತಮ್ಮನ ಬಳಿ ಕಡಿಮೆ ಇರಬೇಕೆಂದು ಆಗಲೇ ನೀನೇ ಹೇಳಿದೆಯಲ್ಲ?" ಎಂದು ಕೇಳಿದಾಗ, ಅವನು ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಲೆಕ್ಕವನ್ನು ಮೊದಲಿನಿಂದ ಓದತೊಡಗಿದ. ಎರಡು ಗುಂಪುಗಳಲ್ಲಿ ಇನ್ನೂ ಮೌನವೇ ಇದೆ. ಮುಂದಿನ ವಾರ ಅಲ್ಲಿ ಮೊದಲ ಸರದಿಗೆ ನಾನೇ ಕುಳಿತುಕೊಳ್ಳುತ್ತೇನೆ.